ನೀಲಿ ಕಾರಿನ ಅವಳಿ

ಮೂರನೆಯ ಸಲವೂ ಕಾರು ತಡೆಗೋಡೆಗೆ ಹೋಗಿ ಬಡಿದಾಗ ರೆಬೆಕ್ಕಾ ಸ್ಟೇರಿಂಗ್‌ನಿಂದ ಕೈ ತೆಗೆದು ಕುರ್ಚಿಗೆ ಒರಗಿದಳು. ಎದುರಿನ ಮೂರು ಪರದೆಗಳ ಮೇಲೆ ಹನ್ನೊಂದು ವರ್ಷ ಹಳೆಯ ನೀಲಿ ಕಾರೊಂದು ಮೂತಿ ಜಜ್ಜಿಕೊಂಡು, ರೇಸ್ ಟ್ರ್ಯಾಕಿನ ಬದಿಯಲ್ಲಿ ಹೊಗೆಯಾಡುತ್ತ ನಿಂತಿತ್ತು.

“ಕಸ್ತೂರಿ ಮೇಡಂ, ನಿಮ್ಮ ಗಾಡಿ ನನ್ನ ಮಾತು ಕೇಳವಲ್ದು,” ಅಂದಳು. “ನಡಬರಕ ಒಮ್ಮಿಂದೊಮ್ಮೆಲೆ ಸ್ಟೇರಿಂಗ್ ಸತ್ತಂಗ ಆಗತೈತಿ. ತಿರುವಿದ್ರ ತಿರುಗಂಗಿಲ್ಲ, ಬ್ರೇಕ್ ಒತ್ತಿದ್ರ ಹಿಡಿಯಂಗಿಲ್ಲ, ಎಕ್ಸಿಲೇಟರ್ ಬಿಟ್ರ ವೇಗ ಇಳಿಯಂಗಿಲ್ಲ. ಮೂರು ಸೆಕೆಂಡ್, ನಾಕು ಸೆಕೆಂಡ್. ಆಮ್ಯಾಲ ತಾನಾಗೇ ಸರಿ ಆಗತೈತಿ. ಅಷ್ಟರಾಗ ನಾ ಗ್ವಾಡಿಗೆ ಹೋಗಿರ್ತೀನಿ.”

ಕಸ್ತೂರಿ ಬೆಳವಡಿ ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡಳು. ಹುಬ್ಬಳ್ಳಿಯ ‘ಧಾವಂತ’ ಎಂಬ ಆ ಸಣ್ಣ ಗೇಮ್ ಕಂಪನಿಯಲ್ಲಿ ಅವಳು ವಾಹನ ವಿಭಾಗದ ಮುಖ್ಯಸ್ಥೆ; ರೆಬೆಕ್ಕಾ ಆಟಗಳನ್ನು ಆಡಿ ಪರೀಕ್ಷಿಸುವವಳು. ಅವರ ಹೊಸ ರೇಸಿಂಗ್ ಆಟದ ಹೆಚ್ಚುಗಾರಿಕೆ ಒಂದೇ: ಆಡುವವರು ತಮ್ಮದೇ ಕಾರನ್ನು ಅದರೊಳಗೆ ತರಬಹುದು. ಅಂಗಡಿಯಲ್ಲಿ ಮಾರುವ ಹೊಳೆಯುವ ಕಾರನ್ನಲ್ಲ, ತಮ್ಮ ಮನೆಯ ಮುಂದೆ ನಿಂತಿರುವ ಅದೇ ಕಾರನ್ನು. ಕಂಪನಿ ಒಂದು ಡಬ್ಬಿ ಕಳಿಸುತ್ತದೆ. ಅದರಲ್ಲಿ ರೂಪಾಯಿ ನಾಣ್ಯದಷ್ಟು ದೊಡ್ಡ ಒಂಬತ್ತು ಬಿಲ್ಲೆಗಳು. ನಾಲ್ಕು ಚಕ್ರಗಳ ಹತ್ತಿರ ನಾಲ್ಕು, ಎಂಜಿನ್ನಿಗೆ ಒಂದು, ಸ್ಟೇರಿಂಗಿನ ಕಂಬಕ್ಕೆ ಒಂದು, ಮೂರು ಪೆಡಲುಗಳಿಗೆ ಮೂರು. ಅಂಟಿಸಿಕೊಂಡು ಒಂದು ವಾರ ಎಂದಿನಂತೆ ಓಡಾಡಿದರೆ ಸಾಕು. ಕಾರಿನ ಪ್ರತಿಯೊಂದು ಅದುರು, ಸದ್ದು, ಸವಕಳಿ ಎಲ್ಲವನ್ನೂ ಬಿಲ್ಲೆಗಳು ದಾಖಲಿಸುತ್ತವೆ. ಕಂಪನಿಯ ಗಣಕ ಅದರಿಂದ ಕಾರಿನ ಅವಳಿಯನ್ನು ಕಟ್ಟುತ್ತದೆ.

ಆ ಅವಳಿ ಎಷ್ಟು ನಿಷ್ಠುರವಾಗಿತ್ತೆಂದರೆ ಕಸ್ತೂರಿಯ ಕಾರಿನ ಎಡಬಾಗಿಲು ಗಡಗಡ ಅನ್ನುವುದು, ಎರಡನೇ ಗೇರು ಹಾಕುವಾಗ ಕರ್ ಎನ್ನುವುದು, ಎರಡೂ ಅದರಲ್ಲಿದ್ದವು. ಮೊದಲ ದಿನ ಅದನ್ನು ಕೇಳಿ ಇಡೀ ಕಚೇರಿ ನಕ್ಕಿತ್ತು. ಆದರೆ ಈ ನಾಲ್ಕು ಸೆಕೆಂಡಿನ ಸಾವು ಯಾರಿಗೂ ನಗು ತರಿಸಲಿಲ್ಲ. ಅವಳಿ ಸುಳ್ಳು ಹೇಳುವುದಿಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅದನ್ನು ಕಟ್ಟಿದ ಕಸ್ತೂರಿಯೇ. ಅವಳಿಯ ಸ್ಟೇರಿಂಗ್ ಸಾಯುತ್ತಿದ್ದರೆ ನಿಜವಾದ ಕಾರಿನದೂ ಸಾಯುತ್ತಿರಬೇಕು.

ನಿಜವಾದ ಕಾರನ್ನು ದಿನಾಲೂ ಓಡಿಸುವವನು ಅವಳ ಗಂಡ ಗುರುಪಾದ. ಧಾರವಾಡದ ಮನೆಯಿಂದ ಹುಬ್ಬಳ್ಳಿಯ ಪಿಯು ಕಾಲೇಜಿಗೆ ಹೋಗಿ ಅಲ್ಲಿ ರಸಾಯನಶಾಸ್ತ್ರ ಕಲಿಸಿ ಬರುತ್ತಿದ್ದ. ಹಿಂದಿನ ಸೀಟಿನಲ್ಲಿ ಮೂರು ಮಕ್ಕಳು: ಒಂಬತ್ತು ವರ್ಷದ ಮಗಳು ಮುಕ್ತಾ, ಮತ್ತು ಹುಬ್ಬಳ್ಳಿಯ ಅವಳ ಶಾಲೆಗೇ ಹೋಗುವ ಬಾಜೂಮನೆಯ ಅಕ್ಕತಂಗಿಯರು.

ಅಂದು ಸಂಜೆ ಮನೆಯಲ್ಲಿ ಹೇಳಿದಾಗ ಗುರುಪಾದ ನಕ್ಕ.

“ನಿನ್ನ ಆಟದಾಗಿನ ದೋಷ ತಂದು ನನ್ನ ಗಾಡಿಗೆ ಹಚ್ಚಬ್ಯಾಡ. ಹನ್ನೊಂದು ವರ್ಷ ಆತು, ಒಂದಿನಾ ಕೈ ಕೊಟ್ಟಿಲ್ಲ ಅದು.”

“ಹಂಗಲ್ಲರೀ. ಒಮ್ಮೆ ದಾವಲ್‌ಸಾಬರಿಗೆ ತೋರಿಸಿಬಿಡೂಣು. ಮಕ್ಕಳು ಕೂಡತಾರ.”

ದಾವಲ್‌ಸಾಬರು ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುವವರು. ಕಾರನ್ನು ಎತ್ತಿ ನಿಲ್ಲಿಸಿ ಕೆಳಗೆ ಮಲಗಿ ಅರ್ಧ ದಿನ ಹುಡುಕಿದರು. ಸ್ಟೇರಿಂಗ್ ಬಿಚ್ಚಿದರು, ಬ್ರೇಕಿನ ಎಣ್ಣೆ ಬದಲಿಸಿದರು, ವೈರುಗಳನ್ನು ಒಂದೊಂದಾಗಿ ಜಗ್ಗಿ ನೋಡಿದರು. ಕೊನೆಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಏನೂ ಇಲ್ಲ ಅಕ್ಕಾರ. ಸ್ಟೇರಿಂಗ್ ಕೆಳಗ ಒಂದು ರಬ್ಬರ್ ಬುಷ್ ಸವದಿತ್ತು, ಹೊಸಾದು ಹಾಕೇನಿ. ಆದ್ರ ಒಂದ ಮಾತು ಹೇಳ್ತೀನಿ ಕೇಳ್ರಿ. ಸ್ಟೇರಿಂಗು, ಬ್ರೇಕು, ಎಕ್ಸಿಲೇಟರ್ ಮೂರೂ ಕೂಡೇ ಕೆಡಂಗಿಲ್ಲ. ಅವು ಒಂದಕ್ಕೊಂದು ಸಂಬಂಧ ಇಲ್ಲದ ಸಾಮಾನು. ಅಂಥಾ ಗಾಡಿ ನಾ ನೋಡಿಲ್ಲ.”

ಆ ಮಾತು ಅವಳ ಕಿವಿಯಲ್ಲಿ ಉಳಿಯಿತು. ಆದರೂ ಬುಷ್ ಬದಲಿಸಿದ್ದು ಸಣ್ಣ ಧೈರ್ಯ ಕೊಟ್ಟಿತು. ಶನಿವಾರ, ಭಾನುವಾರ ತಾನೇ ಕಾರು ತೆಗೆದುಕೊಂಡು ಅದೇ ರಸ್ತೆಯಲ್ಲಿ ಹುಬ್ಬಳ್ಳಿಗೆ ಎಂಟು ಸಲ ಹೋಗಿ ಬಂದಳು. ಸೋಮವಾರ ಹೊಸ ಅವಳಿ ಸಿದ್ಧವಾಯಿತು. ರೆಬೆಕ್ಕಾ ಮೂರು ತಾಸು ಬಿಟ್ಟೂ ಬಿಡದೆ ಓಡಿಸಿದಳು. ಒಂದು ಸಲವೂ ಸ್ಟೇರಿಂಗ್ ಸಾಯಲಿಲ್ಲ.

“ಈಗ ಎಮ್ಮಿ ಇದ್ದಂಗ ಐತ್ರಿ. ನಿಧಾನ, ಆದ್ರ ಸಾಧು,” ಎಂದಳು ರೆಬೆಕ್ಕಾ.

ಕಸ್ತೂರಿ ಆ ದಿನ ಹತ್ತು ದಿನಗಳ ನಂತರ ಹೊಟ್ಟೆ ತುಂಬ ಉಂಡಳು. ದಾವಲ್‌ಸಾಬರಿಗೆ ಫೋನು ಮಾಡಿ ಬುಷ್ಷೇ ಕಾರಣವಾಗಿತ್ತೆಂದು ಹೇಳಿ ಧನ್ಯವಾದ ತಿಳಿಸಿದಳು. ಅವರು ಮಾತ್ರ “ಇರಬಹುದ್ರಿ ಅಕ್ಕಾರ” ಎಂದರೇ ಹೊರತು ಒಪ್ಪಿದ ಹಾಗೆ ಅನಿಸಲಿಲ್ಲ.

ಬಿಲ್ಲೆಗಳನ್ನು ತೆಗೆಯಲು ಅವಳು ಮರೆತಿದ್ದಳು. ಹಾಗಾಗಿ ಆ ವಾರ ಗುರುಪಾದ ಓಡಿಸಿದ ದಾಖಲೆಯೂ ತನ್ನಷ್ಟಕ್ಕೆ ಕಚೇರಿಗೆ ಬರುತ್ತಲೇ ಇತ್ತು. ಶುಕ್ರವಾರ ಮಧ್ಯಾಹ್ನ ಗಣಕ ಅದರಿಂದ ಇನ್ನೊಂದು ಅವಳಿ ಕಟ್ಟಿತು. ರೆಬೆಕ್ಕಾ ಸುಮ್ಮನೆ ಒಂದು ಸುತ್ತು ಹಾಕೋಣವೆಂದು ಕೂತವಳು ಎರಡನೇ ತಿರುವಿನಲ್ಲೇ ಗೋಡೆಗೆ ಹೋದಳು.

“ಮೇಡಂ, ಮತ್ತ ಬಂತು ನೋಡ್ರಿ.”

ಕಸ್ತೂರಿ ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಅದೇ ಕಾರು, ಅದೇ ರಸ್ತೆ, ಅದೇ ಹೊಸ ಬುಷ್. ಒಂದರಲ್ಲಿ ದೋಷವಿದೆ, ಇನ್ನೊಂದರಲ್ಲಿ ಇಲ್ಲ. ಅವಳಿಯನ್ನು ಬದಿಗಿಟ್ಟು ಬಿಲ್ಲೆಗಳು ಕಳಿಸಿದ ಮೂಲ ಗೆರೆಗಳನ್ನು ಪರದೆಗೆ ತಂದಳು. ಇಷ್ಟು ದಿನ ಅವಳು ಆ ಕೆಲಸ ಮಾಡಿರಲಿಲ್ಲ. ಲಕ್ಷಗಟ್ಟಲೆ ಅಂಕಿಗಳ ರಾಶಿಯನ್ನು ಮನುಷ್ಯರು ಓದುವ ರೂಢಿಯೇ ಇರಲಿಲ್ಲ.

ಸ್ಟೇರಿಂಗಿನ ಗೆರೆ ಎಂದರೆ ಎಂದೂ ನೆಟ್ಟಗಿರುವುದಿಲ್ಲ. ನೇರ ರಸ್ತೆಯಲ್ಲೂ ಓಡಿಸುವವನ ಕೈ ಅರಿವಿಲ್ಲದೆ ಕೂದಲೆಳೆಯಷ್ಟು ಆಚೆ ಈಚೆ ತಿದ್ದುತ್ತಲೇ ಇರುತ್ತದೆ. ಗೆರೆ ಇರುವೆ ನಡೆದ ಹಾಗೆ ಕಾಣುತ್ತದೆ. ಗುರುಪಾದನ ಗೆರೆಯೂ ಹಾಗೇ ನಡೆಯುತ್ತಿತ್ತು. ನಡೆಯುತ್ತ ನಡೆಯುತ್ತ ಒಂದೆಡೆ ಸ್ಕೇಲು ಹಿಡಿದು ಎಳೆದಂತೆ ಸಪಾಟಾಯಿತು. ಅದೇ ಕ್ಷಣಕ್ಕೆ ಎಕ್ಸಿಲೇಟರಿನ ಗೆರೆಯೂ ಸಪಾಟು. ನಾಲ್ಕು ಸೆಕೆಂಡಿನ ನಂತರ ಎರಡೂ ಒಮ್ಮೆಗೇ ಜಿಗಿದು, ಸ್ಟೇರಿಂಗ್ ಸರಕ್ಕನೆ ಬಲಕ್ಕೆ ತಿರುಗಿ, ಮತ್ತೆ ಇರುವೆ ನಡೆಯತೊಡಗಿತ್ತು.

ಐದು ದಿನಗಳಲ್ಲಿ ಅಂಥ ಹನ್ನೊಂದು ಜಾಗ.

ದಾವಲ್‌ಸಾಬರ ಮಾತು ನೆನಪಾಯಿತು. ಕಾರಿನಲ್ಲಿ ಸಂಬಂಧವಿಲ್ಲದ ಸಾಮಾನುಗಳನ್ನು ಒಟ್ಟಿಗೆ ಕಟ್ಟುವುದು ಒಂದೇ: ಸೀಟಿನಲ್ಲಿ ಕೂತವನು. ಗಣಕಕ್ಕೆ ಅವಳು ಕಾರು ಎಂದರೇನೆಂದು ಮೂರು ವರ್ಷ ಕಲಿಸಿದ್ದಳು. ಅದನ್ನು ಒಬ್ಬ ಮನುಷ್ಯ ಓಡಿಸುತ್ತಾನೆಂದು ಕಲಿಸಿರಲಿಲ್ಲ. ಅರ್ಥವಾಗದ್ದನ್ನೆಲ್ಲ ಅದು ಕಾರಿನ ಲೆಕ್ಕಕ್ಕೆ ಹಾಕುತ್ತಿತ್ತು. ಆ ನಾಲ್ಕು ಸೆಕೆಂಡು ಕಾರು ಸಾಯುತ್ತಿರಲಿಲ್ಲ. ಕಾರಿನಲ್ಲಿ ಗುರುಪಾದ ಇರುತ್ತಿರಲಿಲ್ಲ.

ತಾಸಿಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡೆಂದರೆ ಅರವತ್ತೇಳು ಮೀಟರ್. ಬೇಡವೆಂದರೂ ತಲೆ ಲೆಕ್ಕ ಹಾಕಿಬಿಟ್ಟಿತು.

ಗಡಿಯಾರ ನೋಡಿದಳು. ಮೂರೂ ಐವತ್ತು. ನಾಲ್ಕಕ್ಕೆ ಶಾಲೆ ಬಿಡುತ್ತದೆ. ಫೋನು ಮಾಡಿದಳು, ಗುರುಪಾದ ಎತ್ತಲಿಲ್ಲ. ಗಾಡಿ ಹತ್ತಿದ ಮೇಲೆ ಅವನು ಫೋನು ಎತ್ತುವುದಿಲ್ಲ, ಅಷ್ಟು ಜವಾಬ್ದಾರಿಯ ಮನುಷ್ಯ. ಅವಳು ಚಪ್ಪಲಿ ಮೆಟ್ಟಿದ್ದೂ ಗೊತ್ತಾಗದೆ ಕೆಳಗಿಳಿದು ಆಟೋ ಹಿಡಿದಳು. ಪ್ರತಿ ಸಿಗ್ನಲ್ಲಿನಲ್ಲೂ ಮತ್ತೆ ಮತ್ತೆ ಫೋನು ಒತ್ತಿದಳು. ಆಟೋದವನು ಕನ್ನಡಿಯಲ್ಲಿ ನೋಡಿ, “ಯಾರಿಗರೆ ಆರಾಮಿಲ್ಲೇನ್ರಿ?” ಎಂದು ಕೇಳಿದ. “ಲಗೂ ಹೊಡೀರಿ,” ಎಂದಳು ಅವಳು.

ಶಾಲೆಯ ಮುಂದೆ ನೀಲಿ ಕಾರು ಇನ್ನೂ ನಿಂತಿತ್ತು. ಮಕ್ಕಳು ಹತ್ತಿ ಕೂತಾಗಿತ್ತು. ಗುರುಪಾದ ಬೆಲ್ಟು ಹಾಕಿಕೊಳ್ಳುತ್ತಿದ್ದ. ಅವಳು ಓಡಿಹೋಗಿ ಅವನ ಬಾಗಿಲು ತೆಗೆದಳು.

“ಇಳೀರಿ. ನಾ ಓಡಸ್ತೀನಿ.”

“ನೀ ಇಲ್ಯಾಕ ಬಂದಿ? ಏನಾತು?”

“ಏನಿಲ್ಲ. ಇಳೀರಿ ಮೊದಲ.”

ಹಿಂದಿನ ಗಾಡಿಗಳು ಹಾರ್ನು ಹೊಡೆಯತೊಡಗಿದವು. ಗೇಟಿನ ಬಳಿಯಿದ್ದ ಇಬ್ಬರು ತಾಯಂದಿರು ತಿರುಗಿ ನೋಡಿದರು. ಗುರುಪಾದನ ಮುಖ ಬಿಗಿಯಿತು. ಇಳಿದು ಆ ಕಡೆಯ ಸೀಟಿಗೆ ಹೋಗಿ ಕೂತ. ಧಾರವಾಡ ಮುಟ್ಟುವವರೆಗೂ ಕಸ್ತೂರಿ ಮೂವತ್ತರ ಮೇಲೆ ವೇಗ ಏರಿಸಲಿಲ್ಲ. ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸುಗಳು ಒಂದಾದ ಮೇಲೊಂದು ತಮಗೇ ಮೀಸಲಾದ ಪಕ್ಕದ ದಾರಿಯಲ್ಲಿ ಹಾದುಹೋದವು. ಅವಳ ಬೆರಳು ಸ್ಟೇರಿಂಗಿಗೆ ಅಂಟಿಕೊಂಡಂತಾಗಿ, ಮನೆ ಮುಂದೆ ನಿಲ್ಲಿಸಿದ ಮೇಲೂ ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

ಬಾಜೂಮನೆಯ ಮಕ್ಕಳು ಇಳಿದುಹೋದರು. ಮುಕ್ತಾ ಹಸಿವೆ ಎಂದಳು. ಗುರುಪಾದ ಸಿಟ್ಟಿನಲ್ಲೇ ಅಡಿಗೆಮನೆಗೆ ಹೋಗಿ ಉಳ್ಳಾಗಡ್ಡಿ ಹೆಚ್ಚಿ ಮಂಡಕ್ಕಿಯ ಗಿರ್ಮಿಟ್ ಕಲಸತೊಡಗಿದ. ಸಿಟ್ಟು ಬಂದಾಗ ಕೈಗೆ ಕೆಲಸ ಕೊಡುವುದು ಅವನ ರೀತಿ. ಕಸ್ತೂರಿ ಮೆಲ್ಲಗೆ ಎಲ್ಲ ಹೇಳಿದಳು. ಗೆರೆಗಳನ್ನು ಫೋನಿನಲ್ಲಿ ತೋರಿಸಿದಳು.

“ಅಂದ್ರ ನನಗ ಫಿಟ್ಸ್ ಬರ್ತಾವಂತ ಹೇಳಾಕತ್ತೀ ಏನು?” ಆ ಶಬ್ದವನ್ನು ಅವನು ತಗ್ಗಿದ ದನಿಯಲ್ಲಿ, ಕಿಟಕಿಯತ್ತ ನೋಡಿ ಅಂದ. “ನಾ ಯಾವತ್ತು ಬಿದ್ದೀನಿ? ಬಾಯಾಗ ನೊರೆ ಬಂದದ್ದು ನೋಡೀ? ರಸ್ತೆದಾಗ ಗುಂಡಿ ಇರ್ತಾವ, ತಪ್ಪಸ್ತೀನಿ, ಅದಕ್ಕ ಸ್ಟೇರಿಂಗ್ ಎಳೀತೀನಿ. ಆ ಶಬ್ದ ಇನ್ನೊಮ್ಮೆ ಎತ್ತಬ್ಯಾಡ. ಕಾಲೇಜಿನಾಗ ಯಾರರೆ ಕೇಳಿದ್ರ ನನ್ನ ಪ್ರಯೋಗಶಾಲೆ ಒಳಗ ಬಿಡತಾರೇನು?”

“ಬಿದ್ದರ ಮಾತ್ರ ಫಿಟ್ಸ್ ಅಂತಲ್ಲರೀ. ನಿಂತಲ್ಲೇ...”

“ಸಾಕು ಕಸ್ತೂರಿ.”

ಅವನು ಗಿರ್ಮಿಟ್ ಬುಟ್ಟಿಯನ್ನು ಮೇಜಿನ ಮೇಲಿಟ್ಟ. ಮೂವರೂ ಕೂತರು. ಗುರುಪಾದ ಒಂದು ಮುಷ್ಟಿ ತೆಗೆದು ಬಾಯಿಗೆ ಒಯ್ಯುತ್ತಿದ್ದವನು ಅರ್ಧದಲ್ಲಿ ನಿಂತ. ಕಣ್ಣು ತೆರೆದೇ ಇದ್ದವು. ತುಟಿ ಏನನ್ನೋ ಸವಿಯುವಂತೆ ಸಣ್ಣಗೆ ಅಲುಗಿತು. ಹದಿಮೂರು ವರ್ಷದ ಸಂಸಾರದಲ್ಲಿ ಕಸ್ತೂರಿ ಈ ನೋಟವನ್ನು ಎಷ್ಟೋ ಸಲ ಕಂಡಿದ್ದಳು. ಪಾಠದ ಯೋಚನೆಯಲ್ಲಿದ್ದಾನೆ ಎಂದುಕೊಂಡಿದ್ದಳು. ಅವನ ವಿದ್ಯಾರ್ಥಿಗಳೂ ಹಾಗೇ ಅಂದುಕೊಂಡು ಅವನಿಗೆ ‘ತಪಸ್ವಿ ಸರ್’ ಎಂದು ಹೆಸರಿಟ್ಟಿದ್ದರು.

ಮುಕ್ತಾ ಅಪ್ಪನ ಮುಖ ನೋಡುತ್ತ ಬೆರಳು ಮಡಚಿದಳು. “ಒಂದು, ಎರಡು, ಮೂರು, ನಾಕು, ಐದು...”

ಗುರುಪಾದನ ಕೈ ಬಾಯಿಗೆ ಹೋಯಿತು. ಅಗಿಯತೊಡಗಿದ.

“ಐದು,” ಅಂದಳು ಮುಕ್ತಾ.

“ಏನು ಐದು?” ಎಂದ ಅವನು.

“ಸ್ಟ್ಯಾಚು ಪಪ್ಪಾ. ನೀವು ಸ್ಟ್ಯಾಚು ಆಗ್ತೀರಲ್ಲಾ, ನಾವು ಕಾರಿನಾಗ ದಿನಾ ಎಣಸ್ತೀವಿ. ಮೊನ್ನೆ ಟ್ರಕ್ಕಿನ ಹಿಂದ ಇದ್ದಾಗ ಏಳರ ತನಕಾ ಎಣಿಸಿದ್ವಿ. ಅದ ಎಲ್ಲಾಕಿಂತ ಹೆಚ್ಚು. ಅವತ್ತು ನಾನ ಗೆದ್ದೆ.”

ಕಸ್ತೂರಿ ಗಂಡನನ್ನು ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ಕುರ್ಚಿ ಸರಿದ ಸದ್ದು ಕೇಳಿತು. ಅವನು ಎದ್ದು ಹೋಗಿ ಕೈ ತೊಳೆದ. ಬಹಳ ಹೊತ್ತು ತೊಳೆದ. ತಿರುಗಿ ಬಂದಾಗ ಕಾರಿನ ಕೀಲಿಯನ್ನು ಅವಳ ತಟ್ಟೆಯ ಪಕ್ಕ ಇಟ್ಟ.

“ಏಳು ಅಂದ್ಲಲ್ಲ,” ಅಂದ. ಅವನ ದನಿ ಬೇರೆ ಯಾರದೋ ಹಾಗಿತ್ತು. “ಟ್ರಕ್ಕಿನ ಹಿಂದ ಇದ್ದದ್ದು ನನಗ ನೆನಪೈತಿ. ಏಳು ನೆನಪಿಲ್ಲ.”

ಮರುದಿನ ಬೆಳಿಗ್ಗೆ ಇಬ್ಬರೂ ನರರೋಗದ ಡಾಕ್ಟರ ಬಳಿಗೆ ಹೋದರು. ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದಾಗ ಅಲ್ಲಿನ ಪರದೆಯ ಮೇಲೂ ಗೆರೆಗಳು ಮೂಡಿದವು. ಇಲ್ಲಿ ವ್ಯತ್ಯಾಸವಿಷ್ಟೇ, ಅವು ಗುರುಪಾದ ಸ್ಟ್ಯಾಚು ಆದ ಗಳಿಗೆಯಲ್ಲಿ ಸಪಾಟಾಗುವ ಬದಲು ಕೆರಳಿ ನಿಲ್ಲುತ್ತಿದ್ದವು. ಬೀಳದೆ, ನೊರೆಯಿಲ್ಲದೆ, ನೋಡುವವರಿಗೆ ಗೊತ್ತೇ ಆಗದ ಹಾಗೆ ಬಂದುಹೋಗುವ ಅಪಸ್ಮಾರವೂ ಇದೆ ಎಂದರು ಡಾಕ್ಟರು. ಚಿಕ್ಕಂದಿನ ಯಾವುದೋ ಏಟಿನ ಕಲೆ ಇರಬಹುದು. ಗುಳಿಗೆಗೆ ಬಗ್ಗುವ ಸಂಭವ ಬಹಳ. ಆದರೆ ತಾವು ಹೇಳುವ ತನಕ ಸ್ಟೇರಿಂಗ್ ಮುಟ್ಟಬಾರದು.

“ಇದು ಹೆಂಗ ಗೊತ್ತಾತು ನಿಮಗ?” ಎಂದು ಅವರು ಕೇಳಿದರು. ಕಸ್ತೂರಿ ಹೇಳಿದ್ದನ್ನು ಕೇಳಿ ಪೆನ್ನು ಕೆಳಗಿಟ್ಟರು. “ನಮ್ಮ ಕಡೆ ಬರೋರು ಸಾಮಾನ್ಯವಾಗಿ ಅಪಘಾತ ಆದಮ್ಯಾಲೇ ಬರ್ತಾರ,” ಎಂದಷ್ಟೇ ಅಂದರು.

ಸೋಮವಾರ ಗುರುಪಾದ ಮಕ್ಕಳನ್ನು ಕರೆದುಕೊಂಡು ಚಿಗರಿ ಬಸ್ಸು ಹತ್ತಿದ. ಕಸ್ತೂರಿ ಕಚೇರಿಯಲ್ಲಿ ಕಂಪನಿಯ ಮಾಲೀಕ ಅರವಿಂದ ಪಾಚ್ಛಾಪುರನ ಮುಂದೆ ಕೂತು ವಿಷಯ ತಿಳಿಸಿದಳು. ಅವನು ಕೇಳಿ ನಿಜವಾಗಿ ಮರುಗಿದ. ಗುರುಪಾದನಿಗಾಗಿ ಏನು ಬೇಕಾದರೂ ಕೇಳು ಎಂದ. ನಂತರ ಕೆಲಸದ ಮಾತಿಗೆ ಬಂದ.

“ದೋಷ ಎಲ್ಲದ ಅಂತ ತಿಳೀತಲ್ಲ, ಛಲೋ ಆತು. ಸಪಾಟ ಗೆರೆ ಕಂಡಲ್ಲೆ ಕತ್ತರಿಸಿ ಒಗದು ಅವಳಿ ಕಟ್ಟೋ ಹಂಗ ಮಾಡಿಬಿಡು. ಎರಡ ವಾರದಾಗ ಆಟ ಬಿಡುಗಡೆ ಅದ.”

“ಸರ್, ಮೊದಲನೇ ಪರೀಕ್ಷೆಗೆ ಅಂತ ಆರುನೂರಾ ಹನ್ನೆರಡು ಮಂದಿ ತಮ್ಮ ಗಾಡಿ ದಾಖಲೆ ಕಳಿಸ್ಯಾರ. ಕತ್ತರಿಸೋಕಿಂತ ಮೊದಲ ಅದರಾಗ ಹುಡುಕಿ ನೋಡ್ಲೇನು?”

ಅರವಿಂದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

“ಹುಡುಕಿದರ ಸಿಗತಾರ. ಸಿಕ್ಕರ ಏನು ಮಾಡ್ತಿ? ಅವರು ಆಟ ಆಡಲಿಕ್ಕೆ ಅಂತ ಕೊಟ್ಟದ್ದು ಅದು. ಬ್ಯಾರೆ ಯಾತಕ್ಕೂ ಬಳಸಂಗಿಲ್ಲ ಅಂತ ನಾವ ಬರದು ಕೊಟ್ಟೇವಿ. ನೀ ಫೋನ್ ಮಾಡಿ, ನಿಮಗ ರೋಗ ಅದ ಅಂದು, ಇಲ್ಲದೇ ಹೋದರ? ಇದ್ದರೂ ನೌಕರಿ ಹೋದರ? ನಾವು ಆಟ ಮಾಡೋರು ಕಸ್ತೂರಿ, ದವಾಖಾನಿ ಇಟ್ಟಿಲ್ಲ.”

ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ಅವಳನ್ನು ಕಾಡಿತು. ನಾಲ್ಕು ದಿನ ಅವನು ಹೇಳಿದ ಕೆಲಸವನ್ನೇ ಮಾಡಿದಳು. ಐದನೆಯ ದಿನ, ಸಪಾಟು ಗೆರೆಗಳನ್ನು ಗುರುತಿಸುವ ಕ್ರಮ ಸರಿಯಿದೆಯೇ ಎಂದು ಪರೀಕ್ಷಿಸಲು ಎಲ್ಲ ದಾಖಲೆಗಳ ಮೇಲೂ ಓಡಿಸಲೇಬೇಕಾಯಿತು. ಓಡಿಸಿದಳು. ಫೋನು ನೋಡಲು ತಲೆ ತಗ್ಗಿಸಿದವರು, ತೂಕಡಿಸಿದವರು ಬಹಳ ಮಂದಿ ಸಿಕ್ಕರು. ಅವರ ಗೆರೆ ಬೇರೆ ಥರ, ಕೈ ನಿಧಾನ ಜಾರುತ್ತದೆ. ಅವರನ್ನೆಲ್ಲ ಬಿಟ್ಟಾಗ ಕೊನೆಗೆ ಮೂರು ಕಾರು ಉಳಿದವು. ಗದಗಿನ ಒಂದು, ಹೊಸಪೇಟೆಯ ಒಂದು, ಬೆಳಗಾವಿಯ ಒಂದು. ಸ್ಕೇಲು ಹಿಡಿದು ಎಳೆದ ಗೆರೆಗಳು. ಹಿಂದಿನ ಸೀಟಿನಲ್ಲಿ ಯಾರು ಕೂಡುತ್ತಾರೆಂದು ಬಿಲ್ಲೆಗಳು ಹೇಳುವುದಿಲ್ಲ.

ಅವಳು ಮೂರು ಫೋನ್ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಮನೆಗೆ ತಂದಳು. ಕೆಲಸ ಹೋಗಬಹುದೆಂದು ಗುರುಪಾದನಿಗೆ ಹೇಳಿದಳು. ಅವನು ಚೀಟಿಯನ್ನು ಎರಡು ಸಲ ಓದಿದ. ವಾಪಸು ಕೊಟ್ಟ. ಶನಿವಾರವಿಡೀ ಅದು ಫ್ರಿಜ್ಜಿನ ಮೇಲೆ ಬಿದ್ದಿತ್ತು. ರಸ್ತೆಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿದಾಗಲೆಲ್ಲ ಕಸ್ತೂರಿ ಆ ಕಡೆ ನೋಡುತ್ತಿದ್ದಳು.

ಭಾನುವಾರ ಹತ್ತು ಗಂಟೆಗೆ, ಎಲ್ಲರೂ ಮನೆಯಲ್ಲಿರುವ ಹೊತ್ತೆಂದುಕೊಂಡು, ಗದಗಿನ ನಂಬರು ಒತ್ತಿದಳು. ಸ್ಪೀಕರ್ ಹಾಕಿದ್ದಳು. ಗುರುಪಾದ ಎದುರಿಗೆ ಕೂತಿದ್ದ.

“ನಮಸ್ಕಾರ್ರಿ, ನಾವು ಹುಬ್ಬಳ್ಳಿಯಿಂದ, ಧಾವಂತ ಕಂಪನಿ... ನೀವು ನಿಮ್ಮ ಕಾರು ನಮ್ಮ ಆಟಕ್ಕ...”

“ಈಗ ಪುರಸೊತ್ತಿಲ್ಲರೀ. ಏನಿದ್ರೂ ಮೆಸೇಜ್ ಮಾಡ್ರಿ.” ಮಧ್ಯವಯಸ್ಸಿನ ಗಂಡಸಿನ ದನಿ. ಫೋನು ಕಟ್ಟಾಯಿತು.

ಅವಳು ಮತ್ತೆ ಮಾಡಿದಳು. ಈ ಸಲ, “ನಿಮ್ಮ ಆರೋಗ್ಯದ ಬಗ್ಗೆ ಒಂದು ವಿಷಯ” ಎಂದಳು. ಅವನಿಗೆ ಅನುಮಾನ ಹತ್ತಿತು. “ಇನ್ಶೂರನ್ಸೇನು? ನಮಗ ಬ್ಯಾಡ್ರಿ. ನನ್ನ ನಂಬರ್ ಎಲ್ಲಿಂದ ಸಿಕ್ಕತು ನಿಮಗ?”

ಕಸ್ತೂರಿ ಚೀಟಿಯತ್ತ ನೋಡಿದಳು. ತಯಾರು ಮಾಡಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. ಗುರುಪಾದ ಕೈಚಾಚಿ ಫೋನನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡ.

“ಸರ್, ಇಡಬ್ಯಾಡ್ರಿ. ನಾ ಕಂಪನಿ ಅವನಲ್ಲ. ಧಾರವಾಡದಾಗ ಇರ್ತೀನಿ, ಕಾಲೇಜಿನಾಗ ಕಲಸ್ತೀನಿ, ಗುರುಪಾದ ಬೆಳವಡಿ ಅಂತ. ನನಗ ಫಿಟ್ಸ್ ಅದಾವು.” ಅವನು ನಿಂತು ಉಸಿರು ತೆಗೆದುಕೊಂಡ. ತಂದೆತಾಯಿಗೂ ಕಾಲೇಜಿಗೂ ಇನ್ನೂ ಹೇಳಿರದ ಮಾತು ಅದು. “ಹತ್ತು ದಿನದ ಹಿಂದ ತನಕಾ ನನಗ ಗೊತ್ತಿರಲಿಲ್ಲ. ಮೂರು ಮಕ್ಕಳನ್ನ ಕೂಡಿಸಿಕೊಂಡು ಗಾಡಿ ಹೊಡೀತಿದ್ದೆ. ನಡಬರಕ ನಾಕು ಸೆಕೆಂಡ್, ಐದು ಸೆಕೆಂಡ್ ನಾ ಇರ್ತಿರಲಿಲ್ಲ. ಬಿದ್ದಿಲ್ಲ, ಎದ್ದಿಲ್ಲ, ಏನೂ ಗೊತ್ತಾಗಿಲ್ಲ. ನನ್ನ ಗಾಡಿ ದಾಖಲೆದಾಗ ಹೆಂಗ ಕಂಡಿತ್ತೋ, ನಿಮ್ಮದರಾಗನೂ ಹಂಗ ಕಾಣ್ತೈತಿ. ತಪ್ಪಿದ್ರ ತಪ್ಪಿರಲಿ, ನನ್ನ ಬೈರಿ. ಒಮ್ಮೆ ಡಾಕ್ಟರಿಗೆ ತೋರಸ್ರಿ.”

ಆ ಕಡೆಯಿಂದ ಮಾತು ಬರಲಿಲ್ಲ. ಭರ್ರೆನ್ನುವ ಗಾಳಿಯ ಸದ್ದು ಮಾತ್ರ ಬರುತ್ತಿತ್ತು. ಅದೇನೆಂದು ಹೊಳೆದ ಕೂಡಲೇ ಕಸ್ತೂರಿ ಮೇಜಿನ ಅಂಚು ಹಿಡಿದಳು. ಕಿಟಕಿ ಇಳಿಸಿದ ಕಾರು ಹೆದ್ದಾರಿಯಲ್ಲಿ ಓಡುವಾಗ ಆಗುವ ಸದ್ದು ಅದು. ಅವಳು ಮನಸ್ಸಿನೊಳಗೆ ಎಣಿಸತೊಡಗಿದಳು. ಎರಡು. ಮೂರು. ನಾಲ್ಕು.

“ಒಂದ ನಿಮಿಷ ತಡೀರಿ,” ಎಂದಿತು ಆ ದನಿ. “ಗಾಡಿ ಬದಿಗೆ ಹಚ್ತೀನಿ.”

ಇಂಡಿಕೇಟರಿನ ಟಿಕ್ ಟಿಕ್ ಕೇಳಿತು. ಗಾಳಿ ಕಡಿಮೆಯಾಗುತ್ತ ಬಂದು ನಿಂತಿತು. ಕಲ್ಲಿನ ಮೇಲೆ ಚಕ್ರ ಉರುಳಿದ ಸದ್ದಾಯಿತು. ನಂತರ ಎಂಜಿನ್ನೂ ಬಂದ್ ಆಯಿತು. ಗುರುಪಾದ ಎರಡೂ ಕೈಯಿಂದ ಮುಖ ಒರೆಸಿಕೊಂಡ.

“ನಮ್ಮ ಮನ್ಯಾಕಿ ಬಾಜೂಕ ಕುಂತಾಳ,” ಎಂದ ಆ ಮನುಷ್ಯ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಎರಡು ವರ್ಷದಿಂದ ಇದ ಮಾತು ಅಂತಾಳ, ನಾ ಕೇಳಿಲ್ಲ. ಸ್ಪೀಕರ್ ಹಾಕೇನಿ. ಮೊದಲಿಂದ ಹೇಳ್ರಿ.”